ತೀರ್ಪು ಸಿಗುತ್ತದೆ, ಲೇಖನ ಸಿಗುವುದಿಲ್ಲ

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರಿನ ಮೊಕದ್ದಮೆಯನ್ನು ಕಾನೂನು ಓದದವರೂ ಬಲ್ಲರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಹೇಳಿತು. ಆ ಬಹುಮತಕ್ಕೆ ತೂಕ ಕೊಟ್ಟ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ತೀರ್ಪಿನಲ್ಲಿ ಜರ್ಮನ್ ವಿದ್ವಾಂಸ ಡೀಟ್ರಿಷ್ ಕಾನ್ರಾಡ್ ಅವರ ಲೇಖನವೊಂದರ ಮಾತು ಬರುತ್ತದೆ. ತಿದ್ದುಪಡಿಯ ಅಧಿಕಾರಕ್ಕೆ ಒಳಗಿಂದಲೇ ಮಿತಿ ಇದೆ ಎಂಬ ವಾದವನ್ನು ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ ಮಂಡಿಸಿದ್ದರು. ಗೋಲಕನಾಥ್ ಮೊಕದ್ದಮೆಯಲ್ಲಿ ವಕೀಲ ಎಂ.ಕೆ. ನಂಬಿಯಾರ್ ಅದನ್ನು ಕೋರ್ಟಿನ ಮುಂದಿಟ್ಟಿದ್ದರು. ಖನ್ನಾ ಅವರು ಎತ್ತಿಕೊಂಡ ಲೇಖನ ಅಚ್ಚಾಗಿದ್ದದ್ದು ಮದ್ರಾಸಿನ 'ಇಂಡಿಯನ್ ಇಯರ್ ಬುಕ್ ಆಫ್ ಇಂಟರ್‌ನ್ಯಾಷನಲ್ ಅಫೇರ್ಸ್' ಎಂಬ ವಾರ್ಷಿಕ ಗ್ರಂಥದ 1966–67ರ ಸಂಪುಟದಲ್ಲಿ. ಹೆಸರು ನೋಡಿದರೆ ಅದು ಅಂತರರಾಷ್ಟ್ರೀಯ ವ್ಯವಹಾರಗಳ ಪ್ರಕಟಣೆ. ಭಾರತದ ಸಂವಿಧಾನದ ತಿದ್ದುಪಡಿಯ ಬಗ್ಗೆ ಓದಬೇಕೆಂದಿರುವ ವಿದ್ಯಾರ್ಥಿ ಆ ಕಪಾಟಿನ ಕಡೆ ತಲೆ ಹಾಕುವುದಕ್ಕೆ ಕಾರಣವೇ ಇಲ್ಲ. ಲೇಖನ ಕೋರ್ಟನ್ನು ತಲುಪಿದ್ದು ಅದರ ಸುಳಿವು ಬಲ್ಲವರು ಇದ್ದದ್ದರಿಂದ.

ಸುಳಿವು ಬಲ್ಲವರು ಸಿಗದ ಸಾಮಾನ್ಯ ಓದುಗನ ಪಾಡೇನು ಎಂಬುದು ಈ ಬರಹದ ಪ್ರಶ್ನೆ. ನಮ್ಮಲ್ಲಿ ತೀರ್ಪುಗಳನ್ನು ಹುಡುಕುವ ದಾರಿ ಕಳೆದ ಎರಡು ದಶಕಗಳಲ್ಲಿ ಬಹಳ ಸುಗಮವಾಗಿದೆ. 2008ರಲ್ಲಿ ಶುರುವಾದ 'ಇಂಡಿಯನ್ ಕಾನೂನ್' ತಾಣ ತೀರ್ಪುಗಳನ್ನು ಪುಕ್ಕಟೆಯಾಗಿ ಎಲ್ಲರ ಮುಂದಿಟ್ಟಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತನ್ನ ಅಧಿಕೃತ ವರದಿಗಳನ್ನೇ 'ಇ-ಎಸ್‌ಸಿಆರ್' ಹೆಸರಿನಲ್ಲಿ ಉಚಿತವಾಗಿ ತೆರೆಯಿತು. ಅದೇ ವರ್ಷ, ಯಾವ ಖಾಸಗಿ ಪ್ರಕಾಶಕರ ಪುಟಸಂಖ್ಯೆಯನ್ನೂ ಅವಲಂಬಿಸದ ತಟಸ್ಥ ಉಲ್ಲೇಖ ಸಂಖ್ಯೆಗಳೂ ಬಂದವು. ಜರ್ನಲ್ ಲೇಖನಗಳಿಗೆ ಇಂಥ ಯಾವ ಏರ್ಪಾಡೂ ಆಗಲಿಲ್ಲ. ಅವು ನೂರಾರು ನಿಯತಕಾಲಿಕಗಳಲ್ಲಿ, ಹತ್ತಾರು ಚಂದಾ ಬೇಲಿಗಳ ಹಿಂದೆ, ಕೆಲವು ಕಡೆ ಮುದ್ರಿತ ಸಂಪುಟಗಳಲ್ಲಷ್ಟೇ ಚದುರಿವೆ. ಇದರ ಫಲವಾಗಿ ಕಾನೂನಿನ ಅಧ್ಯಯನವೆಂದರೆ ತೀರ್ಪುಗಳ ಓದು ಎಂಬ ಅಭ್ಯಾಸ ಬೇರೂರಿದೆ. ಕೋರ್ಟು ಹೇಳಿದ್ದು ಕಣ್ಣಿಗೆ ಬೀಳುತ್ತದೆ, ಕೋರ್ಟಿನ ಮಾತನ್ನು ತೂಗಿ ನೋಡಿದವರ ಬರಹ ಬೀಳುವುದಿಲ್ಲ. ಈ ಅಸಮತೋಲನಕ್ಕೆ ಹುಡುಕುವವರ ಸೋಮಾರಿತನಕ್ಕಿಂತ ಒಳ್ಳೆಯ ಲೇಖನಸೂಚಿಯ ಕೊರತೆ ಹೆಚ್ಚು ಕಾರಣವೆಂಬುದೂ, ಆ ಕೊರತೆಯನ್ನು ಗೂಗಲ್ಲಾಗಲಿ ಕೃತಕ ಬುದ್ಧಿಮತ್ತೆಯಾಗಲಿ ತುಂಬಿಕೊಟ್ಟಿಲ್ಲವೆಂಬುದೂ ಇಲ್ಲಿನ ವಾದ.

ಮೊದಲ ಆಕ್ಷೇಪ ವಕೀಲರ ಕಡೆಯಿಂದ ಬರುತ್ತದೆ. ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟು ಸಾರಿದ ಕಾನೂನು ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ, ಲೇಖನ ಯಾರನ್ನೂ ಕಟ್ಟಿಹಾಕುವುದಿಲ್ಲ, ಹಾಗಿರುವಾಗ ಅದನ್ನು ಅಷ್ಟು ಕಷ್ಟಪಟ್ಟು ಹುಡುಕುವುದೇಕೆ ಎಂಬುದು ಆ ಆಕ್ಷೇಪ. ಲೇಖನಕ್ಕೆ ಬಂಧಕ ಬಲವಿಲ್ಲ ಎಂಬುದು ನಿಜ. ಆದರೆ ಪೂರ್ವನಿದರ್ಶನ ಇಲ್ಲದ ಕಡೆ, ಅಥವಾ ಇದ್ದ ಪೂರ್ವನಿದರ್ಶನವೇ ತಪ್ಪೆಂದು ವಾದಿಸಬೇಕಾದ ಕಡೆ, ತೀರ್ಪುಗಳ ರಾಶಿ ಎಷ್ಟಿದ್ದರೂ ಸಹಾಯಕ್ಕೆ ಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದಾಗ, ಎದುರಿಗೆ ಎಂ.ಪಿ. ಶರ್ಮಾ ಮತ್ತು ಖರಕ್ ಸಿಂಗ್ ಪ್ರಕರಣಗಳ ಹಳೆಯ ತೀರ್ಪುಗಳು ಅಡ್ಡ ನಿಂತಿದ್ದವು. ಅವುಗಳನ್ನು ದಾಟುವ ದಾರಿಯಲ್ಲಿ ಪೀಠ ವಾರೆನ್ ಮತ್ತು ಬ್ರಾಂಡೈಸ್ 1890ರಲ್ಲಿ 'ಹಾರ್ವರ್ಡ್ ಲಾ ರಿವ್ಯೂ'ನಲ್ಲಿ ಬರೆದ ಲೇಖನವನ್ನೂ, ಅದರ ನಂತರದ ಖಾಸಗಿತನದ ವರ್ಗೀಕರಣಗಳನ್ನೂ ಚರ್ಚಿಸಿತು. 127 ವರ್ಷ ಹಳೆಯ ಲೇಖನವೊಂದು ಭಾರತದ ಮೂಲಭೂತ ಹಕ್ಕಿನ ಚರ್ಚೆಯೊಳಗೆ ಬಂದದ್ದಕ್ಕೆ ಒಂದು ಕಾರಣ, ಅದು ಎಂದೂ ಕಣ್ಮರೆಯಾಗದ ಜರ್ನಲ್ಲಿನಲ್ಲಿ ಇದ್ದದ್ದು.

ನಮ್ಮಲ್ಲೇ ಹುಟ್ಟಿದ ಲೇಖನಗಳ ಪ್ರಭಾವವೂ ಕಡಿಮೆಯಲ್ಲ. ಎ.ಆರ್. ಬ್ಲ್ಯಾಕ್‌ಶೀಲ್ಡ್ 1979ರಲ್ಲಿ 'ಜರ್ನಲ್ ಆಫ್ ದಿ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್'ನಲ್ಲಿ ಭಾರತದ ಮರಣದಂಡನೆಯ ಬಗ್ಗೆ ಬರೆದ ಅಧ್ಯಯನ, ಒಂದೇ ಬಗೆಯ ಅಪರಾಧಗಳಿಗೆ ಕೋರ್ಟಿನಲ್ಲಿ ಬೇರೆ ಬೇರೆ ಶಿಕ್ಷೆ ಸಿಗುವುದನ್ನು ಪ್ರಕರಣ ಪ್ರಕರಣವಾಗಿ ತೋರಿಸಿತು. ಬಚ್ಚನ್ ಸಿಂಗ್ ಪ್ರಕರಣದಲ್ಲಿ ಬಹುಮತ 1980ರಲ್ಲಿ ಮರಣದಂಡನೆಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ 1982ರಲ್ಲಿ ಕೊಟ್ಟ ಭಿನ್ನಮತದ ತೀರ್ಪಿನಲ್ಲಿ ಈ ಅಧ್ಯಯನಕ್ಕೆ ಆಸರೆಯ ಸ್ಥಾನವಿದೆ. ಮಥುರಾ ಪ್ರಕರಣದ ಕಥೆ ಇನ್ನೂ ನೇರ. ಠಾಣೆಯೊಳಗೆ ನಡೆದ ಅತ್ಯಾಚಾರದ ಆರೋಪದಿಂದ ಪೊಲೀಸರನ್ನು ಸುಪ್ರೀಂ ಕೋರ್ಟು ಬಿಡುಗಡೆ ಮಾಡಿದಾಗ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಗಂವಾರ್ 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅದು ಅಚ್ಚಾಗಿ ಕಾನೂನು ವಲಯದಲ್ಲಿ ಹರಡಿದ್ದು 'ಸುಪ್ರೀಂ ಕೋರ್ಟ್ ಕೇಸಸ್' (ಎಸ್‌ಸಿಸಿ) ಎಂಬ ತೀರ್ಪು ವರದಿಯ ಜರ್ನಲ್ ವಿಭಾಗದ ಮೂಲಕ. ಆ ಪತ್ರ ಹೊತ್ತಿಸಿದ ಚಳವಳಿ 1983ರ ಕ್ರಿಮಿನಲ್ ಕಾನೂನು ತಿದ್ದುಪಡಿಯವರೆಗೆ ಹೋಯಿತು. ತೀರ್ಪನ್ನಷ್ಟೇ ಓದಿದವರಿಗೆ 1978ರ ಬಿಡುಗಡೆ ಕಾಣುತ್ತದೆ. ಶಾಸನವನ್ನಷ್ಟೇ ಓದಿದವರಿಗೆ 1983ರ ತಿದ್ದುಪಡಿ ಕಾಣುತ್ತದೆ. ಒಂದರಿಂದ ಇನ್ನೊಂದಕ್ಕೆ ಬಂದ ದಾರಿ ಇರುವುದು ನಡುವಿನ ಬರಹದಲ್ಲಿ.

ಈ ಬರಹಗಳು ಇರುವ ತಾಣಗಳನ್ನು ಒಮ್ಮೆ ಸುತ್ತಿ ನೋಡಿದರೆ ತೊಡಕಿನ ಸ್ವರೂಪ ತಿಳಿಯುತ್ತದೆ. ಮೊದಲನೆಯದು ಸಂಸ್ಥೆಗಳ ಜರ್ನಲ್‌ಗಳು. 1956ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್ 1958ರಿಂದ ತನ್ನ ಜರ್ನಲ್ ಹೊರಡಿಸುತ್ತಿದೆ. ಬನಾರಸ್, ದೆಹಲಿ, ಕೊಚ್ಚಿನ್ ವಿಶ್ವವಿದ್ಯಾಲಯಗಳಿಗೂ ತಮ್ಮವೇ ಕಾನೂನು ನಿಯತಕಾಲಿಕಗಳಿವೆ. ಎರಡನೆಯದು ವಿದ್ಯಾರ್ಥಿಗಳು ಸಂಪಾದಿಸುವ ಜರ್ನಲ್‌ಗಳು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ 'ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ', 'ಇಂಡಿಯನ್ ಜರ್ನಲ್ ಆಫ್ ಲಾ ಆ್ಯಂಡ್ ಟೆಕ್ನಾಲಜಿ', 'ಸೋಶಿಯೋ-ಲೀಗಲ್ ರಿವ್ಯೂ' ಈ ಬಗೆಯವು. ಇವು ಅಂತರ್ಜಾಲದಲ್ಲಿ ಹಣ ಕೊಡದೆ ಓದಲು ಸಿಗುತ್ತವೆ. ಮೂರನೆಯದು ತೀರ್ಪು ವರದಿಗಳ ಒಳಗಿನ ಜರ್ನಲ್ ವಿಭಾಗಗಳು. ನಾಗ್ಪುರದ ಎಐಆರ್, ಲಖನೌದ ಎಸ್‌ಸಿಸಿ ಮುಂತಾದ ವರದಿಗಳಲ್ಲಿ ಲೇಖನಗಳಿಗೆ ಪ್ರತ್ಯೇಕ ಪುಟಸಂಖ್ಯೆ ಇರುತ್ತದೆ. ಸಂಪುಟ ಕಟ್ಟಿಸುವಾಗ ಆ ಪುಟಗಳನ್ನು ಕಿತ್ತುಹಾಕಿದ ಗ್ರಂಥಾಲಯದಲ್ಲಿ ಲೇಖನ ಶಾಶ್ವತವಾಗಿ ಕಳೆದುಹೋದಂತೆಯೇ. ನಾಲ್ಕನೆಯದು ಕಾನೂನಿನದಲ್ಲದ ನಿಯತಕಾಲಿಕಗಳು. ಮುಂಬೈಯ 'ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ 1966ರಿಂದ ಬಂದಿರುವ ಕಾನೂನು ವಿಶ್ಲೇಷಣೆಗಳನ್ನು ಬಿಟ್ಟು ಭೂಮಿ, ಕಾರ್ಮಿಕ, ಮೀಸಲಾತಿ ವಿಷಯಗಳ ಮೇಲೆ ಗಂಭೀರ ಸಂಶೋಧನೆ ಮಾಡುವುದು ಸಾಧ್ಯವಿಲ್ಲ.

ಇಷ್ಟು ಚದುರಿದ ಸಾಮಗ್ರಿಗೆ ಸೂಚಿ ಬೇಕೆಂಬುದನ್ನು ಹಿಂದಿನವರು ನಮಗಿಂತ ಚೆನ್ನಾಗಿ ಅರಿತಿದ್ದರು. ಅಮೆರಿಕದ ಕಾನೂನು ಗ್ರಂಥಾಲಯಗಳ ಸಂಘ 1908ರಲ್ಲೇ 'ಇಂಡೆಕ್ಸ್ ಟು ಲೀಗಲ್ ಪೀರಿಯಾಡಿಕಲ್ಸ್' ಆರಂಭಿಸಿತು. ಇತರ ದೇಶಗಳ ಕಾನೂನು ಬರಹಗಳಿಗೆಂದು 1960ರಲ್ಲಿ ಇನ್ನೊಂದು ಸೂಚಿ ಬಂತು. ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್ 1963ರಿಂದ 'ಇಂಡೆಕ್ಸ್ ಟು ಇಂಡಿಯನ್ ಲೀಗಲ್ ಪೀರಿಯಾಡಿಕಲ್ಸ್' ಪ್ರಕಟಿಸಿತು. ಇಂಥ ಸೂಚಿಯನ್ನು ತಯಾರಿಸುವವನು ಲೇಖನವನ್ನು ಓದಿ, ಅದು ಯಾವ ವಿಷಯಕ್ಕೆ ಸೇರಿದ್ದೆಂದು ತೀರ್ಮಾನಿಸಿ, ಒಂದು ನಿಶ್ಚಿತ ಶೀರ್ಷಿಕೆಯಡಿ ಅದನ್ನು ದಾಖಲಿಸುತ್ತಾನೆ. ಲೇಖಕ ತನ್ನ ಬರಹಕ್ಕೆ ಎಷ್ಟೇ ಅಲಂಕಾರಿಕ ಹೆಸರಿಟ್ಟಿದ್ದರೂ, ಶೀರ್ಷಿಕೆಯಲ್ಲಿ ವಿಷಯದ ಪದವೇ ಇಲ್ಲದಿದ್ದರೂ, ಓದುಗ ಆ ವಿಷಯದಡಿ ನೋಡಿದಾಗ ಲೇಖನ ಎದುರಾಗುತ್ತದೆ. ಪದ ಹೊಂದಿಸುವ ಯಂತ್ರಕ್ಕೆ ಈ ವಿವೇಚನೆ ಇಲ್ಲ. ಸೂಚಿಗೂ ಮಿತಿ ಇದೆ ಎಂಬುದನ್ನು ಮರೆಯಬಾರದು. ತನ್ನ ಪಟ್ಟಿಯಲ್ಲಿಲ್ಲದ ನಿಯತಕಾಲಿಕವನ್ನು ಅದು ನೋಡುವುದೇ ಇಲ್ಲ, ಹೊಸ ಲೇಖನ ಅದರೊಳಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಅದಕ್ಕಾಗಿಯೇ, ಯಾವ ಸೂಚಿಯನ್ನು ಕೈಗೆತ್ತಿಕೊಂಡರೂ ಮೊದಲು ತೆರೆಯಬೇಕಾದ ಪುಟ, ಅದು ಒಳಗೊಂಡ ನಿಯತಕಾಲಿಕಗಳ ಪಟ್ಟಿ. ಏನು ಸಿಗಲಿಲ್ಲ ಎಂಬುದಕ್ಕೆ ಅರ್ಥ ಬರುವುದು ಎಲ್ಲಿ ಹುಡುಕಿದೆವೆಂದು ಗೊತ್ತಿದ್ದಾಗ ಮಾತ್ರ.

ಪೂರ್ಣಪಾಠದ ಡೇಟಾಬೇಸ್‌ಗಳು ಬಂದ ಮೇಲೆ ಈ ಸೂಚಿಗಳು ಮೂಲೆಗೆ ಸರಿದವು. 1995ರ ಜೆಸ್ಟೋರ್, 2000ದ ಹೈನ್‌ಆನ್‌ಲೈನ್, ನಮ್ಮಲ್ಲಿ ಎಸ್‌ಸಿಸಿ ಆನ್‌ಲೈನ್ ಮತ್ತು ಮನುಪತ್ರ, 2004ರ ಗೂಗಲ್ ಸ್ಕಾಲರ್ ಈ ಸಾಲಿನ ಮುಖ್ಯ ಹೆಸರುಗಳು. ಒಂದೊಂದರ ಬಲ ಒಂದೊಂದು ಕಡೆ. ಹೈನ್‌ಆನ್‌ಲೈನ್ ಜರ್ನಲ್‌ಗಳನ್ನು ಸಾಮಾನ್ಯವಾಗಿ ಮೊದಲ ಸಂಪುಟದಿಂದಲೇ ಪುಟದ ಚಿತ್ರವಾಗಿ ಕೊಡುತ್ತದೆ, ಹಾಗಾಗಿ ಉಲ್ಲೇಖಿಸಬೇಕಾದ ಪುಟಸಂಖ್ಯೆ ತಪ್ಪುವುದಿಲ್ಲ. ಲಾ ಇನ್‌ಸ್ಟಿಟ್ಯೂಟಿನ ಜರ್ನಲ್ಲಿನ ಹಳೆಯ ಸಂಚಿಕೆಗಳು ಜೆಸ್ಟೋರ್‌ನಲ್ಲಿವೆ, ಆದರೆ ಅಲ್ಲಿ ಅನೇಕ ಜರ್ನಲ್‌ಗಳ ತೀರ ಇತ್ತೀಚಿನ ಸಂಚಿಕೆಗಳು ತಡವಾಗಿ ಸೇರುತ್ತವೆ. ಎಸ್‌ಸಿಸಿ ಆನ್‌ಲೈನ್, ಮನುಪತ್ರಗಳಲ್ಲಿ ಭಾರತೀಯ ಲೇಖನಗಳು ಧಾರಾಳ, ಸಮಾಜವಿಜ್ಞಾನದ ಜರ್ನಲ್‌ಗಳು ವಿರಳ. ಗೂಗಲ್ ಸ್ಕಾಲರ್ ಎಲ್ಲ ಕಡೆಯೂ ಕೈಯಾಡಿಸುತ್ತದೆ. ಆದರೆ ಯಾವ ಜರ್ನಲ್‌ಗಳು ತನ್ನೊಳಗಿವೆ, ಯಾವುವು ಇಲ್ಲ ಎಂಬ ಪಟ್ಟಿಯನ್ನು ಅದು ಕೊಡುವುದಿಲ್ಲ. ಹೆಚ್ಚು ಉಲ್ಲೇಖಗೊಂಡ ಬರಹಗಳನ್ನು ಮೇಲಕ್ಕೆ ತರುವುದು ಅದರ ಒಲವು. ಹೀಗಾಗಿ ಇಂಗ್ಲೆಂಡು, ಅಮೆರಿಕಗಳ ಪ್ರಸಿದ್ಧ ಲೇಖನ ಮೊದಲ ಪುಟದಲ್ಲಿ ಕೂರುತ್ತದೆ, ನಮ್ಮ ವಿಶ್ವವಿದ್ಯಾಲಯದ ಜರ್ನಲ್ಲಿನ ಉಪಯುಕ್ತ ಲೇಖನ ಹತ್ತನೆಯ ಪುಟದಾಚೆ ಉಳಿಯುತ್ತದೆ.

ಪದಗಳ ಹುಡುಕಾಟ ಎಷ್ಟು ಮೋಸಹೋಗಬಲ್ಲದು ಎಂಬುದಕ್ಕೆ ನಮ್ಮ ಹೊಸ ಕ್ರಿಮಿನಲ್ ಕಾನೂನುಗಳಿಗಿಂತ ಒಳ್ಳೆಯ ನಿದರ್ಶನ ಬೇಡ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಹಳೆಯ ಸಂಹಿತೆಯ 482ನೇ ಕಲಂ ಹೈಕೋರ್ಟಿನ ಅಂತರ್ಗತ ಅಧಿಕಾರದ್ದು, ಅದರ ಮೇಲೆ ಅರ್ಧ ಶತಮಾನದ ಲೇಖನಗಳಿವೆ. ಹೊಸ ಸಂಹಿತೆಯಲ್ಲಿ ಆ ಅಧಿಕಾರ 528ನೇ ಕಲಮಿಗೆ ಹೋಗಿದೆ. 482ನೇ ಸಂಖ್ಯೆಗೆ ಈಗ ನಿರೀಕ್ಷಣಾ ಜಾಮೀನು ಬಂದಿದೆ, ಅದು ಹಿಂದೆ 438ರಲ್ಲಿತ್ತು. ಸಂಖ್ಯೆ ಕೊಟ್ಟು ಹುಡುಕಿದವನಿಗೆ ಎರಡು ಬೇರೆ ವಿಷಯಗಳು ಒಂದೇ ರಾಶಿಯಲ್ಲಿ ಸಿಗುತ್ತವೆ. 528 ಎಂದು ಹುಡುಕಿದವನಿಗೆ ಹಳೆಯ ಚಿಂತನೆಯೆಲ್ಲ ತಪ್ಪಿಹೋಗುತ್ತದೆ. ದಂಡ ಸಂಹಿತೆಯ ಸಂಖ್ಯೆಗಳೂ ಹೀಗೆಯೇ ಬದಲಾದವು: ಕೊಲೆಯ 302 ಈಗ 103, ವಂಚನೆಯ 420 ಈಗ 318. ಹಳೆಯ ಲೇಖನಗಳಲ್ಲಿ ಹಳೆಯ ಸಂಖ್ಯೆಗಳೇ ಶಾಶ್ವತವಾಗಿ ಇರುತ್ತವೆ. ವಿಷಯದ ಹೆಸರು, ಹಳೆಯ ಸಂಖ್ಯೆ, ಹೊಸ ಸಂಖ್ಯೆ ಮೂರನ್ನೂ ಕೊಟ್ಟು ಹುಡುಕದೆ ಗತಿಯಿಲ್ಲ. ವಿಷಯವಾರು ಸೂಚಿಯಲ್ಲಾದರೆ ಇವೆಲ್ಲ ಒಂದೇ ಶೀರ್ಷಿಕೆಯಡಿ ಕೂಡಿರುತ್ತಿದ್ದವು.

ಕರಾವಳಿಯ ಗೇಣಿ ಪದ್ಧತಿಯ ಬಗ್ಗೆ ಓದಹೊರಟವರಿಗೆ ಎದುರಾಗುವ ತೊಡಕು ಇನ್ನೊಂದು ಬಗೆಯದು. ಕರ್ನಾಟಕ ಭೂ ಸುಧಾರಣಾ ಕಾಯ್ದೆ 1961ರದ್ದಾದರೂ ಅದಕ್ಕೆ ಹಲ್ಲು ಬಂದದ್ದು 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಿಂದ. ಭೂ ನ್ಯಾಯಮಂಡಳಿಗಳ ಮುಂದೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿಕೊಂಡ ಕಾಲ ಅದು. ಈ ವಿಷಯದ ಲೇಖನಗಳನ್ನು 'ಟೆನೆನ್ಸಿ' ಎಂಬ ಇಂಗ್ಲಿಷ್ ಪದದಿಂದ ಮಾತ್ರ ಹುಡುಕಿದರೆ ಅರ್ಧ ಸಿಗುತ್ತವೆ. ಉಳಿದರ್ಧ ಮೂಲಗೇಣಿ, ಚಾಲಗೇಣಿ ಎಂಬ ನಮ್ಮ ಪದಗಳ ಹಿಂದೆ ಅಡಗಿವೆ. ಅವನ್ನು ಇಂಗ್ಲಿಷಿನಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದಿದ್ದಾರೆ. ಒಬ್ಬರು 'ಮೂಲ'ದ ದೀರ್ಘಕ್ಕೆ ಎರಡು 'ಓ' ಹಾಕಿದರೆ ಇನ್ನೊಬ್ಬರು ಒಂದು 'ಯು' ಹಾಕುತ್ತಾರೆ, ಮತ್ತೊಬ್ಬರು ನಡುವಿನ ಅಕಾರವನ್ನೇ ನುಂಗುತ್ತಾರೆ. ಮಾತೃವಂಶೀಯ ಪದ್ಧತಿಯ ಹೆಸರಾದ ಅಳಿಯಸಂತಾನವೂ ಹೀಗೆಯೇ: ಒಂದು ಪದವಾಗಿ, ಎರಡಾಗಿ, 'ಟಿ'ಯ ಪಕ್ಕ 'ಎಚ್' ಸೇರಿಸಿ, ಸೇರಿಸದೆ. ಇನ್ನು, ಈ ಬರಹಗಳು ಇರುವ ತಾಣವೂ ಕಾನೂನು ಜರ್ನಲ್‌ಗಳಿಗೆ ಸೀಮಿತವಲ್ಲ. ಭೂ ಸುಧಾರಣೆಯನ್ನು ಅರ್ಥಶಾಸ್ತ್ರಜ್ಞರು 'ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಎಕನಾಮಿಕ್ಸ್'ನಂಥ ಕಡೆ ಚರ್ಚಿಸಿದರೆ, ಮಾತೃವಂಶೀಯ ಕುಟುಂಬವನ್ನು ಮಾನವಶಾಸ್ತ್ರಜ್ಞರು ತಮ್ಮ ನಿಯತಕಾಲಿಕಗಳಲ್ಲಿ ಚರ್ಚಿಸುತ್ತಾರೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ್ದರ ಪರಿಣಾಮವನ್ನು ಅಳೆಯಬೇಕೆನ್ನುವವನು ಈ ಎಲ್ಲ ಕಪಾಟುಗಳ ನಡುವೆ ಓಡಾಡಲೇಬೇಕು.

ಓಡಾಟಕ್ಕೆ ಒಂದು ಕ್ರಮವಿದೆ. ನುರಿತ ಗ್ರಂಥಪಾಲಕರು ಹುಡುಕುವುದು ಪದದಿಂದ ಶುರುವಾದರೂ ಮುಂದುವರಿಯುವುದು ಉಲ್ಲೇಖದ ಜಾಡಿನಲ್ಲಿ. ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಒಳ್ಳೆಯ ಲೇಖನ ಸಿಕ್ಕರೆ, ಅದರ ಅಡಿಟಿಪ್ಪಣಿಗಳು ಹಿಂದಿನ ಬರಹಗಳಿಗೆ ಒಯ್ಯುತ್ತವೆ. ಅದನ್ನು ಉಲ್ಲೇಖಿಸಿದವರ ಪಟ್ಟಿ, ಗೂಗಲ್ ಸ್ಕಾಲರ್ ಮತ್ತು ಹೈನ್‌ಆನ್‌ಲೈನ್ ಎರಡರಲ್ಲೂ ದೊರೆಯುವಂಥದ್ದು, ಮುಂದಿನ ಬರಹಗಳಿಗೆ ಒಯ್ಯುತ್ತದೆ. ಮರಣದಂಡನೆಯ ವಿಷಯದಲ್ಲಿ ಇದು ಹೇಗೆ ಕೆಲಸ ಮಾಡುತ್ತದೆಂದು ನೋಡಬಹುದು. ಕಾನೂನು ಆಯೋಗದ 262ನೇ ವರದಿ 2015ರ ಆಗಸ್ಟಿನದು. ಅದರ ಅಡಿಟಿಪ್ಪಣಿಗಳೇ ಒಂದು ಸಿದ್ಧ ಲೇಖನಸೂಚಿ. ಅಲ್ಲಿಂದ ಭಗವತಿಯವರ ಭಿನ್ನಮತಕ್ಕೆ, ಅಲ್ಲಿಂದ ಬ್ಲ್ಯಾಕ್‌ಶೀಲ್ಡರ ಅಧ್ಯಯನಕ್ಕೆ, ಮತ್ತೆ ಅದನ್ನು ಉಲ್ಲೇಖಿಸಿದ ನಂತರದವರಿಗೆ ಸರಪಳಿ ಸಾಗುತ್ತದೆ. ಇದೇ ಕೆಲಸಕ್ಕೆ ಇನ್ನೊಂದು ಉಪೇಕ್ಷಿತ ಆಕರ 'ಶೋಧಗಂಗಾ'. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ಭಂಡಾರದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಲಕ್ಷಾಂತರ ಪಿಎಚ್‌ಡಿ ಪ್ರಬಂಧಗಳು ಉಚಿತವಾಗಿ ತೆರೆದಿವೆ. ಪ್ರಬಂಧದ ವಾದ ದುರ್ಬಲವಾಗಿದ್ದರೂ ಅದರ ಕೊನೆಯ ಗ್ರಂಥಋಣ ಬಹಳ ಸಲ ಪ್ರಯೋಜನಕ್ಕೆ ಬರುತ್ತದೆ. ಜಾಡಿನಲ್ಲಿ ಸಂಕ್ಷೇಪಗಳು ಎಡವಿಸುವುದುಂಟು. ಎಂಎಲ್‌ಜೆ ಎಂದರೆ 1891ರಿಂದ ಬಂದ 'ಮದ್ರಾಸ್ ಲಾ ಜರ್ನಲ್' ಆಗಿರಬಹುದು, 'ಮಲಯನ್ ಲಾ ಜರ್ನಲ್' ಕೂಡ ಆಗಿರಬಹುದು. ಎಎಲ್‌ಜೆ ಅಲಹಾಬಾದಿನದೋ ಆಸ್ಟ್ರೇಲಿಯದ್ದೋ ತಿಳಿಯದು. ಇಂಥ ಗೊಂದಲ ಬಿಡಿಸಲು ಕಾರ್ಡಿಫ್ ವಿಶ್ವವಿದ್ಯಾಲಯದ ಕಾನೂನು ಸಂಕ್ಷೇಪಗಳ ಕೋಶ ಉಚಿತವಾಗಿ ಲಭ್ಯ.

ಇಷ್ಟೆಲ್ಲ ಕಸರತ್ತು ಏಕೆ, ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಕ್ಷಣದಲ್ಲಿ ಹತ್ತು ಲೇಖನಗಳ ಪಟ್ಟಿ ಕೊಡುತ್ತದಲ್ಲ ಎಂಬುದು ಇಂದಿನ ಆಕ್ಷೇಪ. ಕೊಡುತ್ತದೆ ನಿಜ, ಆದರೆ ಅವುಗಳಲ್ಲಿ ಕೆಲವು ಯಾರೂ ಬರೆಯದ ಲೇಖನಗಳಾಗಿರಬಹುದು. ಅಮೆರಿಕದ 'ಮಾಟಾ ವಿರುದ್ಧ ಏವಿಯಾಂಕಾ' ಪ್ರಕರಣದಲ್ಲಿ ಚಾಟ್‌ಜಿಪಿಟಿ ಕಟ್ಟಿಕೊಟ್ಟ ಸುಳ್ಳು ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದಕ್ಕೆ 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ಬಿತ್ತು. ನಮ್ಮಲ್ಲೂ, ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಬಂದದ್ದನ್ನು ಕರ್ನಾಟಕ ಹೈಕೋರ್ಟು 2025ರಲ್ಲಿ ಗಂಭೀರವಾಗಿ ಪರಿಗಣಿಸಿತು. ಸುಳ್ಳು ತೀರ್ಪು ಬೇಗ ಸಿಕ್ಕಿಬೀಳುತ್ತದೆ, ಏಕೆಂದರೆ ತೀರ್ಪುಗಳಿಗೆ ತಾಳೆ ನೋಡಬಹುದಾದ ತೆರೆದ ಭಂಡಾರವಿದೆ. ಸುಳ್ಳು ಲೇಖನಕ್ಕೆ ಆ ಭಯವಿಲ್ಲ. ಇದ್ದ ಲೇಖಕರ ಹೆಸರು, ಇದ್ದ ಜರ್ನಲ್ಲಿನ ಹೆಸರು, ಒಪ್ಪುವಂಥ ಸಂಪುಟಸಂಖ್ಯೆ ಸೇರಿಸಿದ ಕಾಲ್ಪನಿಕ ಉಲ್ಲೇಖವನ್ನು ಸುಳ್ಳೆಂದು ಸಾಬೀತುಮಾಡಲು ಆ ಸಂಪುಟವೇ ಕೈಗೆ ಸಿಗಬೇಕು, ಅದು ನಮ್ಮ ಬಹುಪಾಲು ಕಾಲೇಜುಗಳಲ್ಲಿ ಸಿಗುವುದಿಲ್ಲ. ಆದ್ದರಿಂದ ಯಂತ್ರವನ್ನು ಬಳಸುವುದರಲ್ಲಿ ತಪ್ಪಿಲ್ಲ, ಪರ್ಯಾಯ ಪದಗಳನ್ನು ಸೂಚಿಸಲು ಅದು ಚುರುಕಿನ ಸಹಾಯಕ. ಅದು ಹೇಳಿದ ಉಲ್ಲೇಖವನ್ನು ಮಾತ್ರ ಮೂಲ ಪುಟ ನೋಡದೆ ಬರೆದುಕೊಳ್ಳಬಾರದು. ಒಳ್ಳೆಯ ಸೂಚಿ ಇದ್ದಷ್ಟೂ ಈ ತಾಳೆಯ ಕೆಲಸ ಸುಲಭವಾಗುತ್ತದೆ, ಹಾಗಾಗಿ ಹೊಸ ಯಂತ್ರ ಬಂದದ್ದರಿಂದ ಸೂಚಿಯ ಅಗತ್ಯ ಹೆಚ್ಚಿತೇ ಹೊರತು ತಗ್ಗಲಿಲ್ಲ.

ಹುಡುಕಿ ಸಿಕ್ಕರೂ ಓದಲು ಸಿಗಬೇಕಲ್ಲ ಎಂಬುದು ಮುಂದಿನ ಪ್ರಶ್ನೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ, 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆಯುತ್ತದೆ. ಇದು ದೊಡ್ಡ ಹೆಜ್ಜೆ. ಆದರೆ ನಮ್ಮ ಕಾನೂನು ಶಿಕ್ಷಣದ ಬಹುಭಾಗ ನಡೆಯುವುದು ಖಾಸಗಿ ಕಾಲೇಜುಗಳಲ್ಲಿ, ಕಾನೂನಿನ ಬಳಕೆ ನಡೆಯುವುದು ವಕೀಲರ ಕಚೇರಿಗಳಲ್ಲಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಖಾಸಗಿ ಕಾಲೇಜಿನ ವಿದ್ಯಾರ್ಥಿಗೂ ತಾಲ್ಲೂಕು ಕೋರ್ಟಿನ ವಕೀಲರಿಗೂ ಆ ಬಾಗಿಲು ಮುಚ್ಚಿಯೇ ಇದೆ. ಜೊತೆಗೆ ಆ ಯೋಜನೆಯ ತಿರುಳು ದೊಡ್ಡ ಅಂತರರಾಷ್ಟ್ರೀಯ ಪ್ರಕಾಶಕರು. ಎಐಆರ್‌ನ ಹಳೆಯ ಜರ್ನಲ್ ಪುಟಗಳನ್ನಾಗಲಿ ವಿಶ್ವವಿದ್ಯಾಲಯವೊಂದರ ನಿಂತುಹೋದ ವಾರ್ಷಿಕವನ್ನಾಗಲಿ ಅದು ತಂದುಕೊಡದು. ಕೈಗೆಟಕುವ ದಾರಿಗಳು ಬೇರೆ ಇವೆ. 1994ರಲ್ಲಿ ಆರಂಭವಾಗಿ 2016ರಲ್ಲಿ ಎಲ್ಸೆವಿಯರ್ ಕೈಸೇರಿದ ಎಸ್‌ಎಸ್‌ಆರ್‌ಎನ್ ತಾಣದಲ್ಲಿ ಅನೇಕ ಕಾನೂನು ಲೇಖನಗಳ ಕರಡುಗಳು ಉಚಿತ. ಕರಡು ಮತ್ತು ಅಚ್ಚಾದ ರೂಪದ ನಡುವೆ ವ್ಯತ್ಯಾಸವಿರಬಹುದೆಂಬ ಎಚ್ಚರ ಬೇಕು, ಅಷ್ಟೇ. ಲೇಖಕರಿಗೆ ನೇರವಾಗಿ ಬರೆದು ಪ್ರತಿ ಕೇಳುವುದೂ ಶಿಷ್ಟ ಪದ್ಧತಿಯೇ. ಅಮೆರಿಕದ ಪ್ರಮುಖ ಕಾನೂನು ಗ್ರಂಥಾಲಯಗಳ ನಿರ್ದೇಶಕರು 2009ರ ಡರಂ ಹೇಳಿಕೆಯಲ್ಲಿ ಕಾನೂನು ಶಾಲೆಗಳ ಜರ್ನಲ್‌ಗಳೆಲ್ಲ ಮುಕ್ತವಾಗಿ, ಬಾಳಿಕೆ ಬರುವ ವಿದ್ಯುನ್ಮಾನ ರೂಪದಲ್ಲಿ ಸಿಗಬೇಕೆಂದರು. ನಮ್ಮ ಸಾರ್ವಜನಿಕ ಹಣದಲ್ಲಿ ನಡೆಯುವ ಕಾನೂನು ಜರ್ನಲ್‌ಗಳಿಗೆ ಈ ನಿಯಮ ಹಾಕುವುದಕ್ಕೆ ತಡೆಯೇನಿದೆ?

ಸೂಚಿ ವಿಸ್ತರಿಸಿದರೆ ಜೊಳ್ಳೂ ಒಳಗೆ ಬರುತ್ತದಲ್ಲ ಎಂದು ಕೆಲವರು ಕೇಳಬಹುದು. ಹಣ ಕೊಟ್ಟರೆ ಏನನ್ನೂ ಅಚ್ಚುಹಾಕುವ ಜರ್ನಲ್‌ಗಳ ಹಾವಳಿ ನಮ್ಮಲ್ಲಿ ಸಣ್ಣದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ಮೇ ತಿಂಗಳಲ್ಲಿ ತನ್ನ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು, ಅದರ ಜಾಗಕ್ಕೆ ಕೇರ್ ಪಟ್ಟಿ ತಂದಿತು, 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟಿತು. ಈ ಏರಿಳಿತ ಕಲಿಸುವ ಪಾಠ ಒಂದು: ಯಾವ ಲೇಖನ ಓದಲು ಯೋಗ್ಯವೆಂಬ ತೀರ್ಮಾನವನ್ನು ಪಟ್ಟಿಗೆ ಒಪ್ಪಿಸಿ ನಿಶ್ಚಿಂತರಾಗಲು ಬರುವುದಿಲ್ಲ. ಸೂಚಿಯ ಕೆಲಸ ಏನಿದೆಯೆಂದು ತಿಳಿಸುವುದು. ಅದರ ಬೆಲೆ ಕಟ್ಟುವುದು ಓದುಗನ ಕೆಲಸ. ಲೇಖಕ ತೀರ್ಪನ್ನು ಮೂಲದಲ್ಲಿ ಓದಿದ್ದಾನೆಯೇ, ತನ್ನ ವಾದಕ್ಕೆ ವಿರುದ್ಧವಾದ ತೀರ್ಪುಗಳನ್ನು ಎದುರಿಸಿದ್ದಾನೆಯೇ, ಆಮೇಲೆ ಕಾನೂನು ಬದಲಾದದ್ದರಿಂದ ಅವನ ಮಾತು ಎಷ್ಟು ಉಳಿದಿದೆ ಎಂಬ ಪ್ರಶ್ನೆಗಳು ಯಾವ ದೊಡ್ಡ ಜರ್ನಲ್ಲಿನ ಲೇಖನಕ್ಕೂ ಅನ್ವಯಿಸುತ್ತವೆ.

ಕನ್ನಡದಲ್ಲಿ ಬರೆದ ಕಾನೂನು ಲೇಖನಗಳ ಸ್ಥಿತಿ ಎಲ್ಲಕ್ಕಿಂತ ಶೋಚನೀಯ. ಅಧೀನ ನ್ಯಾಯಾಲಯಗಳಲ್ಲಿ ಕನ್ನಡ ಬಳಕೆಯಲ್ಲಿದೆ, ಸುಪ್ರೀಂ ಕೋರ್ಟಿನ ತೀರ್ಪುಗಳು ಕನ್ನಡಕ್ಕೂ ಅನುವಾದವಾಗುತ್ತಿವೆ. ಆದರೆ ಭೂ ಸುಧಾರಣೆ, ವಕ್ಫ್, ಮೀಸಲಾತಿ, ಮುಜರಾಯಿ ದೇವಸ್ಥಾನ, ಗಡಿ ತಕರಾರುಗಳ ಬಗ್ಗೆ ಕನ್ನಡ ನಿಯತಕಾಲಿಕಗಳಲ್ಲಿ ದಶಕಗಳಿಂದ ನಡೆದ ಚರ್ಚೆಯನ್ನು ವಿಷಯವಾರು ಹುಡುಕಲು ಒಂದು ಒಳ್ಳೆಯ ಸಾಧನವಿಲ್ಲ. ತಾಂತ್ರಿಕ ಅಡ್ಡಿಗಳೂ ಸೇರಿವೆ. ಹಳೆಯ ಅಚ್ಚಿನ ಪುಟಗಳ ಒತ್ತಕ್ಷರಗಳಲ್ಲಿ ಅಕ್ಷರ ಗುರುತಿಸುವ ಯಂತ್ರ ಎಡವುತ್ತದೆ. ಯೂನಿಕೋಡ್‌ಗೆ ಮೊದಲು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪಿಡಿಎಫ್‌ಗಳು ಕಣ್ಣಿಗೆ ಸ್ಪಷ್ಟ ಕನ್ನಡ, ಹುಡುಕುಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ಗೋಜಲು. 'ಭೂಸುಧಾರಣೆ' ಎಂದು ಕೂಡಿಸಿ ಬರೆದದ್ದು 'ಭೂ ಸುಧಾರಣೆ' ಎಂದು ಬಿಡಿಸಿ ಹುಡುಕಿದವರಿಗೆ ಸಿಗದೆ ಹೋಗಬಹುದು. ಈ ಅಡ್ಡಿಗಳನ್ನು ಯಂತ್ರ ನಿವಾರಿಸುವವರೆಗೆ ಕಾಯಬೇಕಿಲ್ಲ. ಲೇಖನದ ಪೂರ್ಣಪಾಠ ಇಲ್ಲದಿದ್ದರೂ ಲೇಖಕ, ಶೀರ್ಷಿಕೆ, ಪತ್ರಿಕೆ, ಸಂಚಿಕೆ, ಪುಟ ಮತ್ತು ಒಂದೆರಡು ವಿಷಯಪದಗಳನ್ನು ಯೂನಿಕೋಡ್‌ನಲ್ಲಿ ದಾಖಲಿಸಿದರೆ ಲೇಖನ ಕಾಣಿಸಿಕೊಳ್ಳುತ್ತದೆ.

ಕಡೆಯ ಆಕ್ಷೇಪ ಸಮಯದ್ದು. ನಾಳೆ ಬೆಳಿಗ್ಗೆ ವಾದ ಮಂಡಿಸಬೇಕಾದ ವಕೀಲರು ಹತ್ತು ಕಡೆ ಹುಡುಕುತ್ತ ಕೂರಲಾರರು. ಒಪ್ಪತಕ್ಕ ಮಾತು, ಮತ್ತು ಸೂಚಿ ಬೇಕೆನ್ನುವುದಕ್ಕೆ ಇದೇ ಅತ್ಯಂತ ಬಲವಾದ ಕಾರಣ. ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನಾ ಕೇಂದ್ರವನ್ನು ಕಟ್ಟಿದ ಎಸ್.ಆರ್. ರಂಗನಾಥನ್, 1931ರಲ್ಲೇ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಓದುಗನ ಸಮಯ ಉಳಿಸುವುದನ್ನೂ ಒಂದಾಗಿ ಸೇರಿಸಿದ್ದರು. ಸೂಚಿಕಾರ ಒಮ್ಮೆ ಶ್ರಮಪಟ್ಟರೆ ಸಾವಿರ ಓದುಗರ ಶ್ರಮ ತಪ್ಪುತ್ತದೆ ಎಂಬ ಲೆಕ್ಕ ಅದರ ಹಿಂದಿದೆ. ಆ ಲೆಕ್ಕವನ್ನು ಇಂದು ಜಾರಿಗೆ ತರುವುದು ದುಬಾರಿಯೂ ಅಲ್ಲ. ಲಾ ಇನ್‌ಸ್ಟಿಟ್ಯೂಟಿನ 1963ರಿಂದೀಚಿನ ಸೂಚಿಯನ್ನು ಹುಡುಕಬಹುದಾದ ಒಂದೇ ತೆರೆದ ಕಡತವಾಗಿಸಬೇಕು. ಪ್ರತಿ ಕಾನೂನು ಜರ್ನಲ್ ತನ್ನ ಹೊಸ ಸಂಚಿಕೆಯ ವಿವರವನ್ನು ಅದಕ್ಕೆ ಕಳಿಸಬೇಕು. ಹಳೆಯ ಮತ್ತು ಹೊಸ ಕಲಂ ಸಂಖ್ಯೆಗಳನ್ನು ಒಂದೇ ವಿಷಯದಡಿ ಬೆಸೆಯಬೇಕು. ಕನ್ನಡ ಲೇಖನಗಳ ಭಾಗವನ್ನು ರಾಜ್ಯದ ಕಾನೂನು ವಿಶ್ವವಿದ್ಯಾಲಯವೂ ಗ್ರಂಥಾಲಯ ವಿಜ್ಞಾನ ವಿಭಾಗಗಳೂ ಹಂಚಿಕೊಂಡರೆ, ಎಲ್‌ಎಲ್‌ಎಂ ವಿದ್ಯಾರ್ಥಿಯೊಬ್ಬ ಒಂದು ಪತ್ರಿಕೆಯ ಒಂದು ದಶಕವನ್ನು ಸೂಚಿಗೆ ಸೇರಿಸುವುದನ್ನೇ ಸಂಶೋಧನಾ ತರಬೇತಿಯ ಭಾಗವೆಂದು ಎಣಿಸಬಹುದು. ಹಾಗೆ ಮಾಡುವವನು ಹುಡುಕುವ ವಿದ್ಯೆಯನ್ನೂ ಕಲಿಯುತ್ತಾನೆ, ಮುಂದಿನವರಿಗೆ ಒಂದು ಆಕರವನ್ನೂ ಬಿಟ್ಟುಹೋಗುತ್ತಾನೆ. ತೀರ್ಪುಗಳನ್ನು ಎಲ್ಲರಿಗೂ ತೆರೆದಿಡಲು ನಮ್ಮ ನ್ಯಾಯಾಂಗಕ್ಕೆ ಸಾಧ್ಯವಾಗಿದೆ. ಆ ತೀರ್ಪುಗಳನ್ನು ಪ್ರಶ್ನಿಸಿದ, ತಿದ್ದಿದ, ಕೆಲವೊಮ್ಮೆ ರೂಪಿಸಿದ ಬರಹಗಳ ಪಟ್ಟಿಯನ್ನಾದರೂ ತೆರೆದಿಡುವುದು ಇನ್ನು ಕಾನೂನು ವಿದ್ಯಾಸಂಸ್ಥೆಗಳ ಹೊಣೆ.